ಒದ್ದೆ ಹಾದಿಗೂ ನಾಲ್ಕು ವಾರ ರಜೆ ಕೊಡೋಣ

ಮಲೆನಾಡಿನಲ್ಲಿ ಮಳೆ ಹಿಡಿಯಿತು ಎಂಬ ಸುದ್ದಿ ನಮ್ಮ ಕಾಲೇಜಿನ ವಾಟ್ಸ್‌ಆ್ಯಪ್ ಗ್ರೂಪ್‌ಗಳಿಗೆ ಬಹಳ ಬೇಗ ತಲುಪುತ್ತದೆ. ಹಸಿರು ಗುಡ್ಡ, ಮಂಜು, ಕೈ ಚಾಚಿ ನಿಂತ ಹುಡುಗನ ಫೋಟೊ, ಕೆಳಗೆ ದಪ್ಪ ಅಕ್ಷರದಲ್ಲಿ ‘ಮಾನ್ಸೂನ್ ಟ್ರೆಕ್’. ಶುಕ್ರವಾರ ರಾತ್ರಿ ಟಿಟಿ ಹತ್ತಿದರೆ ಶನಿವಾರ ಬೆಟ್ಟ, ಭಾನುವಾರ ಜಲಪಾತ, ಸೋಮವಾರ ಮೊದಲ ಪೀರಿಯಡ್‌ಗೆ ತೂಕಡಿಸುತ್ತಾ ಹಾಜರಿ. ಇಂಟರ್ನಲ್ಸ್ ಮುಗಿದ ಮೇಲೆ ಇದಕ್ಕಿಂತ ಒಳ್ಳೆಯ ಔಷಧ ಇಲ್ಲ ಎನ್ನುವುದನ್ನು ನಾನೂ ಒಪ್ಪುತ್ತೇನೆ. ಬೆಟ್ಟ ಹತ್ತುವುದನ್ನು ಬಿಡಿ ಎಂದು ಉಪದೇಶ ಮಾಡಲು ಈ ಲೇಖನ ಬರೆಯುತ್ತಿಲ್ಲ. ಬೆಟ್ಟ ಹತ್ತಬೇಕು. ಆದರೆ ಯಾವಾಗ ಹತ್ತಬಾರದು ಎನ್ನುವ ಒಂದು ಲೆಕ್ಕ ನಮಗೆ ಇರಬೇಕು.

ನನ್ನ ವಾದ ಇಷ್ಟೇ. ಪಶ್ಚಿಮ ಘಟ್ಟದ ಚಾರಣದ ಹಾದಿಗಳಿಗೆ ಮಳೆ ಅತಿ ಜೋರಾಗಿರುವ ನಾಲ್ಕು ವಾರ ಪೂರ್ತಿ ವಿಶ್ರಾಂತಿ ಬೇಕು. ಆ ದಿನಗಳನ್ನು ಮೊದಲೇ ಘೋಷಿಸಬೇಕು. ಉಳಿದ ಮಳೆಗಾಲದಲ್ಲಿ ಎಷ್ಟು ಜನ ಹತ್ತಬಹುದು ಎನ್ನುವುದನ್ನು ಹಾದಿಯ ಮಣ್ಣು ಎಷ್ಟು ನೆನೆದಿದೆ ಎಂಬುದರ ಮೇಲೆ ತೀರ್ಮಾನಿಸಬೇಕು. ಈಗ ನಾವು ಜನರ ತಲೆ ಎಣಿಸುತ್ತಿದ್ದೇವೆ, ಮಣ್ಣಿನ ಕಡೆ ನೋಡುತ್ತಿಲ್ಲ.

ಬಟ್ಟಲಿನಲ್ಲಿ ಕಂಡ ಸತ್ಯ

ನಾನು ಸಿವಿಲ್ ಎಂಜಿನಿಯರಿಂಗ್ ಓದುತ್ತಿದ್ದೇನೆ. ಜಿಯೊಟೆಕ್ನಿಕಲ್ ಲ್ಯಾಬ್‌ನಲ್ಲಿ ನಮ್ಮಿಂದ ಒಂದು ಪ್ರಯೋಗ ಮಾಡಿಸುತ್ತಾರೆ. ಹಿತ್ತಾಳೆಯ ಒಂದು ಪುಟ್ಟ ಬಟ್ಟಲು. ಅದರಲ್ಲಿ ನೀರು ಬೆರೆಸಿದ ಮಣ್ಣನ್ನು ಸವರಿ, ನಡುವೆ ಒಂದು ಗೀರು ಎಳೆಯಬೇಕು. ಪಕ್ಕದ ಹಿಡಿ ತಿರುಗಿಸಿದರೆ ಬಟ್ಟಲು ಸ್ವಲ್ಪ ಮೇಲೆದ್ದು ಟಕ್ ಎಂದು ಬೀಳುತ್ತದೆ. ಹೀಗೆ ಕುಟ್ಟುತ್ತಾ ಹೋದಾಗ 25ನೇ ಏಟಿಗೆ ಗೀರಿನ ಎರಡೂ ಬದಿ ಜಾರಿ ಕೂಡಿಕೊಂಡರೆ, ಆಗ ಮಣ್ಣಿನಲ್ಲಿರುವ ನೀರಿನ ಪ್ರಮಾಣವೇ ಅದರ ‘ಲಿಕ್ವಿಡ್ ಲಿಮಿಟ್’. ಅದಕ್ಕಿಂತ ನೀರು ಹೆಚ್ಚಾದರೆ ಮಣ್ಣು ಮಣ್ಣಾಗಿ ಉಳಿಯುವುದಿಲ್ಲ, ದ್ರವದಂತೆ ಹರಿಯಲು ಶುರು ಮಾಡುತ್ತದೆ.

ಪರೀಕ್ಷೆಗೆ ಓದುವಾಗ ಇದು ಎರಡು ಅಂಕದ ಪ್ರಶ್ನೆ. ಬೆಟ್ಟದ ಮೇಲೆ ಇದೇ ದೊಡ್ಡ ಪ್ರಶ್ನೆ. ಒಂದು ಹಾದಿಯಲ್ಲಿ ದಿನಕ್ಕೆ 300 ಜನ ಹತ್ತಿ, ಅದೇ ಹಾದಿಯಲ್ಲಿ ಇಳಿದರೆ, ಹಾದಿಯ ಪ್ರತಿಯೊಂದು ಇಕ್ಕಟ್ಟಿನ ಜಾಗವೂ 600 ಬಾರಿ ತುಳಿತ ತಿನ್ನುತ್ತದೆ. ಬಟ್ಟಲಿನ ಏಟಿಗೂ ಶೂ ಹಾಕಿದ ಕಾಲಿನ ಏಟಿಗೂ ನೇರ ಲೆಕ್ಕ ಹಾಕಲಾಗದು ಎನ್ನುವುದು ನನಗೆ ಗೊತ್ತು. ಆದರೆ ಪಾಠ ಒಂದೇ. ಒಣಗಿದ ಮಣ್ಣು ಸಾವಿರ ಹೆಜ್ಜೆ ತಡೆದೀತು, ನೀರು ಕುಡಿದು ತುಂಬಿದ ಮಣ್ಣು ಹತ್ತಾರು ಹೆಜ್ಜೆಯನ್ನೂ ತಡೆಯದು.

ಕಾರಣ ಸರಳ. ಮಣ್ಣಿನ ಬಲ ಇರುವುದು ಅದರ ಕಣಗಳು ಒಂದಕ್ಕೊಂದು ಒತ್ತಿಕೊಂಡು ನಿಂತಿರುವುದರಲ್ಲಿ. ಕಣಗಳ ನಡುವಿನ ಸಂದುಗಳಲ್ಲಿ ನೀರು ತುಂಬಿದಾಗ, ನಾವು ಕಾಲಿಟ್ಟ ಭಾರವನ್ನು ಕಣಗಳ ಬದಲು ಆ ನೀರೇ ಹೊರುತ್ತದೆ. ನೀರಿಗೆ ಜಾರುವುದನ್ನು ತಡೆಯುವ ಗುಣ ಇಲ್ಲ. ಹಾಗಾಗಿ ಮಣ್ಣು ಕಾಲಿನ ಅಡಿಯಿಂದ ಪಕ್ಕಕ್ಕೆ ಜಾರಿಹೋಗುತ್ತದೆ. ಕಾರ್ಲ್ ಟೆರ್ಜಾಗಿ ಎಂಬ ಎಂಜಿನಿಯರ್ ನೂರು ವರ್ಷದ ಹಿಂದೆಯೇ ಇದಕ್ಕೆ ಗಣಿತ ಬರೆದಿಟ್ಟಿದ್ದಾರೆ. ಅಣೆಕಟ್ಟು, ಅಡಿಪಾಯ ಕಟ್ಟುವಾಗ ನಾವು ಆ ಸೂತ್ರವನ್ನು ಚಾಚೂ ತಪ್ಪದೆ ಬಳಸುತ್ತೇವೆ. ಕಾಲುದಾರಿಗೂ ಅದು ಅನ್ವಯಿಸುತ್ತದೆ ಎಂದು ಯಾಕೋ ಯೋಚಿಸುವುದಿಲ್ಲ.

ಒಂದು ಹಾದಿ ಮೂರಾಗುವುದು ಹೇಗೆ

ಮಳೆಯಲ್ಲಿ ಹಾದಿ ಕೆಡುವುದಕ್ಕೆ ಒಂದು ಕ್ರಮ ಇದೆ. ಮೊದಲು ಹಾದಿಯ ನಡುವೆ ಒಂದು ತಗ್ಗಿನಲ್ಲಿ ನೀರು ನಿಲ್ಲುತ್ತದೆ. ಹೊಸ ಶೂ ಕೆಡಬಾರದು ಎಂದು ಮೊದಲು ಬಂದವರು ಪಕ್ಕದ ಹುಲ್ಲಿನ ಮೇಲೆ ಕಾಲಿಡುತ್ತಾರೆ. ಹಿಂದಿನವರು ಅವರನ್ನೇ ಅನುಸರಿಸುತ್ತಾರೆ. ಸಂಜೆ ಹೊತ್ತಿಗೆ ಆ ಹುಲ್ಲು ಸತ್ತು ಅಲ್ಲೂ ಕೆಸರು. ಮರುದಿನ ಬಂದವರು ಇನ್ನೂ ಒಂದು ಅಡಿ ಆಚೆ ಹೋಗುತ್ತಾರೆ. ಎರಡು ಅಡಿ ಅಗಲದ ಕಾಲುದಾರಿ ತಿಂಗಳಲ್ಲಿ ಗಾಡಿ ದಾರಿಯಷ್ಟು ಅಗಲವಾಗುತ್ತದೆ. ಇಳಿಜಾರಿನಲ್ಲಿ ಸುತ್ತು ಬಳಸಿ ಹೋಗುವ ಹಾದಿ ಇದ್ದರೆ, ನಡುವೆ ನೇರವಾಗಿ ಜಾರಿ ಇಳಿಯುವ ಒಳದಾರಿ ಹುಟ್ಟುತ್ತದೆ. ಹಾದಿಯನ್ನು ಸುತ್ತು ಹಾಕಿಸಿರುವುದೇ ಇಳಿಜಾರು ಕಡಿಮೆಯಾಗಿ ನೀರಿನ ವೇಗ ತಗ್ಗಲಿ ಎಂದು. ಒಳದಾರಿ ಹುಟ್ಟಿತು ಎಂದರೆ ನೀರಿಗೆ ನಾವೇ ಕಾಲುವೆ ತೋಡಿಕೊಟ್ಟಂತೆ.

ಅಲ್ಲಿಂದ ಮುಂದೆ ಕೆಲಸ ನಮ್ಮದಲ್ಲ, ನೀರಿನದು. ಹುಲ್ಲಿನ ಬೇರು ಹಿಡಿದಿಟ್ಟಿದ್ದ ಮೇಲ್ಮಣ್ಣು ಮೊದಲು ಹೋಗುತ್ತದೆ. ಆಮೇಲೆ ಕಲ್ಲು ಏಳುತ್ತದೆ. ಎರಡು ಮೂರು ಮಳೆಗಾಲ ಕಳೆದರೆ ಹಾದಿ ಹೋಗಿ ಕೊರಕಲು ಉಳಿಯುತ್ತದೆ. ಒಂದೆರಡು ಸೆಂಟಿಮೀಟರ್ ಮೇಲ್ಮಣ್ಣು ಹುಟ್ಟಲು ನೂರಾರು ವರ್ಷ ಬೇಕು. ಅದು ಕೊಚ್ಚಿಹೋಗಲು ಒಂದು ಸಂಜೆಯ ಮಳೆ ಸಾಕು.

ನಮ್ಮ ಘಟ್ಟದ ನೆತ್ತಿಯ ಮೇಲಿರುವುದು ಹುಲ್ಲುಗಾವಲು, ಕಣಿವೆಗಳಲ್ಲಿ ಶೋಲಾ ಕಾಡು. ದೂರದಿಂದ ನೋಡಿದರೆ ದಪ್ಪ ಹಸಿರು ಕಂಬಳಿ. ಹತ್ತಿರ ಹೋದರೆ ಎಷ್ಟೋ ಕಡೆ ಬಂಡೆಯ ಮೇಲೆ ತೆಳ್ಳಗಿನ ಮಣ್ಣಿನ ಪದರ, ಅದರ ಮೇಲೆ ಹುಲ್ಲು. ಮಳೆ ನೀರು ಮಣ್ಣಿಗೆ ಇಳಿದು ಬಂಡೆ ಸಿಕ್ಕಿದ ಕೂಡಲೇ ನಿಲ್ಲುತ್ತದೆ. ಮೇಲಿನ ಪದರ ಸ್ಪಂಜಿನಂತೆ ತುಂಬಿಕೊಳ್ಳುತ್ತದೆ. ಬೇಸಿಗೆಯಲ್ಲಿ ಒಣಗಿದ ಹುಲ್ಲು ಹೊಸದಾಗಿ ಚಿಗುರುವುದೂ ಇದೇ ಹೊತ್ತಿನಲ್ಲಿ. ಅಂದರೆ ಮಣ್ಣು ಅತಿ ದುರ್ಬಲವಾಗಿರುವಾಗ, ಚಿಗುರು ಅತಿ ಎಳೆಯದಾಗಿರುವಾಗ, ಸರಿಯಾಗಿ ಅದೇ ವಾರಗಳಲ್ಲಿ ನಮ್ಮ ಟಿಟಿಗಳು ಬಂದು ನಿಲ್ಲುತ್ತವೆ.

ಮಣ್ಣಿನ ಮಾತಷ್ಟೇ ಅಲ್ಲ. ಕಪ್ಪೆಗಳ ಸಂತಾನದ ಕಾಲವೂ ಇದೇ. 2014ರಲ್ಲಿ ವಿಜ್ಞಾನಿಗಳು ನಮ್ಮ ಘಟ್ಟದ ಒಂದು ಕಪ್ಪೆಗೆ ‘ಕುಂಬಾರ’ ಎಂದು ಹೆಸರಿಟ್ಟರು. ತೊರೆಯ ಪಕ್ಕದ ಕಡ್ಡಿಗೆ ಅಂಟಿಕೊಂಡ ಮೊಟ್ಟೆಗಳಿಗೆ ಗಂಡು ಕಪ್ಪೆ ತನ್ನ ಮುಂಗೈಯಿಂದ ಕೆಸರು ಮೆತ್ತಿ ಕಾಪಾಡುತ್ತದೆ. ಇಂಥ ಜೀವಿಗಳು ಬದುಕುವ ತೊರೆಯ ದಂಡೆಯಲ್ಲೇ ನಮ್ಮ ಹಾದಿಗಳು ದಾಟುತ್ತವೆ. ದಂಡೆಯಲ್ಲಿ ನಿಂತು ಇಂಬಳ ಕೀಳುತ್ತಾ ಉಪ್ಪು ಚೆಲ್ಲುವಾಗ ಅಲ್ಲಿ ಇನ್ನೇನಿದೆ ಎಂದು ಯಾರು ನೋಡುತ್ತಾರೆ?

ಹಿಮದ ನಾಡಿನವರು ಏನು ಮಾಡುತ್ತಾರೆ

ಇದೇ ಸಮಸ್ಯೆ ಹಿಮ ಬೀಳುವ ದೇಶಗಳಿಗೂ ಇದೆ, ಋತು ಮಾತ್ರ ಬೇರೆ. ಅಮೆರಿಕದ ಈಶಾನ್ಯ ಭಾಗದ ವರ್ಮಾಂಟ್ ರಾಜ್ಯದಲ್ಲಿ ಚಳಿಗಾಲ ಮುಗಿದು ಬೇಸಿಗೆ ಬರುವ ನಡುವಿನ ಕಾಲವನ್ನು ಜನ ‘ಮಡ್ ಸೀಸನ್’ ಎನ್ನುತ್ತಾರೆ, ಅಂದರೆ ಕೆಸರುಗಾಲ. ಮೇಲಿನ ಹಿಮ ಕರಗುತ್ತದೆ. ಆದರೆ ಸ್ವಲ್ಪ ಆಳದಲ್ಲಿ ನೆಲ ಇನ್ನೂ ಹೆಪ್ಪುಗಟ್ಟಿಯೇ ಇರುತ್ತದೆ. ಕರಗಿದ ನೀರಿಗೆ ಕೆಳಗೆ ಇಂಗಲು ದಾರಿ ಇಲ್ಲ. ಮೇಲಿನ ನಾಲ್ಕು ಬೆರಳು ಮಣ್ಣು ಅಂಬಲಿಯಂತಾಗುತ್ತದೆ. ನಮ್ಮಲ್ಲಿ ಬಂಡೆ ಮಾಡುವ ಕೆಲಸವನ್ನು ಅಲ್ಲಿ ಮಂಜುಗಡ್ಡೆ ಮಾಡುತ್ತದೆ.

ವರ್ಮಾಂಟ್‌ನಲ್ಲಿ ‘ಲಾಂಗ್ ಟ್ರೇಲ್’ ಎಂಬ 272 ಮೈಲಿ ಉದ್ದದ ಹಾದಿ ಇದೆ. ಅದನ್ನು ನೋಡಿಕೊಳ್ಳುವ ಗ್ರೀನ್ ಮೌಂಟೇನ್ ಕ್ಲಬ್ 1910ರಲ್ಲಿ ಹುಟ್ಟಿದ್ದು. ಕೆಸರುಗಾಲದಲ್ಲಿ, ಮೇ ಕೊನೆಯ ವಾರದ ಮೆಮೋರಿಯಲ್ ಡೇ ಬರುವ ತನಕ ಎತ್ತರದ ಹಾದಿಗಳಿಂದ ದೂರ ಇರಿ ಎಂದು ಅವರು ಪ್ರತಿವರ್ಷ ಹೇಳುತ್ತಾರೆ. ಪಕ್ಕದ ನ್ಯೂಯಾರ್ಕ್ ರಾಜ್ಯದ ಅಡಿರಾಂಡಾಕ್ ಬೆಟ್ಟಗಳಲ್ಲಿ 2500 ಅಡಿಗಿಂತ ಮೇಲೆ ಹೋಗಬೇಡಿ ಎಂದು ಅಲ್ಲಿನ ಸರ್ಕಾರಿ ಇಲಾಖೆ ಕೋರುತ್ತದೆ. ಕೆಳಗಿನ ಒಣಗಿದ ಹಾದಿಗಳಿಗೆ ಹೋಗಿ ಎಂದು ಬದಲಿ ದಾರಿಯನ್ನೂ ತೋರಿಸುತ್ತಾರೆ. ಅಲ್ಲಿನ ಚಾರಣಿಗರಿಗೆ ಒಂದು ನಿಯಮ ಕಲಿಸಿದ್ದಾರೆ: ಹಾದಿಯಲ್ಲಿ ಕೆಸರು ಸಿಕ್ಕಿದರೆ ಪಕ್ಕಕ್ಕೆ ಹೋಗಬೇಡಿ, ಕೆಸರಿನ ನಡುವೆಯೇ ನಡೆಯಿರಿ. ಗಿಡಗಳನ್ನು ತುಳಿಯದೆ ಮುಂದೆ ಹೋಗಲು ಸಾಧ್ಯವೇ ಇಲ್ಲ ಎನ್ನುವಷ್ಟು ಕೆಸರಿದ್ದರೆ ತಿರುಗಿ ಮನೆಗೆ ಹೋಗಿ.

ರಸ್ತೆಗಳ ವಿಷಯದಲ್ಲಿ ಅವರು ಇನ್ನೂ ಕಟ್ಟುನಿಟ್ಟು. ಮಿನ್ನೆಸೋಟದಂಥ ರಾಜ್ಯಗಳಲ್ಲಿ ಹಿಮ ಕರಗುವ ವಾರಗಳಲ್ಲಿ ಲಾರಿಗಳ ಆಕ್ಸಲ್ ಭಾರಕ್ಕೆ ಮಿತಿ ಇಳಿಸುತ್ತಾರೆ. ರಸ್ತೆ ಅದೇ, ಲಾರಿ ಅದೇ. ಅಡಿಯ ಮಣ್ಣು ಮೆದುವಾಗಿದೆ, ಆದ್ದರಿಂದ ಭಾರ ಕಡಿಮೆ ಮಾಡಿ ಎನ್ನುತ್ತಾರೆ. ನಮಗೂ ಇದು ಹೊಸದೇನಲ್ಲ. ಆಗುಂಬೆ ಘಾಟಿಯಲ್ಲಿ ಮಳೆಗಾಲದಲ್ಲಿ ಭಾರಿ ವಾಹನಗಳನ್ನು ಜಿಲ್ಲಾಡಳಿತ ತಡೆದಾಗ ಯಾರೂ ಅದನ್ನು ಅನ್ಯಾಯ ಎನ್ನುವುದಿಲ್ಲ. ರಸ್ತೆಗೆ ಒಪ್ಪುವ ನ್ಯಾಯವನ್ನು ಕಾಲುದಾರಿಗೆ ಯಾಕೆ ಒಪ್ಪಬಾರದು?

ದೂರದ ಮಾತು ಬೇಡ ಎಂದರೆ ನಮ್ಮ ದೇಶದ ಉದಾಹರಣೆಯೇ ಇದೆ. 2018ರ ಆಗಸ್ಟ್‌ನಲ್ಲಿ ಉತ್ತರಾಖಂಡ ಹೈಕೋರ್ಟ್ ಅಲ್ಲಿನ ಎತ್ತರದ ಹುಲ್ಲುಗಾವಲುಗಳಲ್ಲಿ, ಅಂದರೆ ಬುಗ್ಯಾಲ್‌ಗಳಲ್ಲಿ, ರಾತ್ರಿ ಟೆಂಟ್ ಹಾಕುವುದನ್ನು ನಿಷೇಧಿಸಿ ಪ್ರವಾಸಿಗರ ಸಂಖ್ಯೆಗೆ 200ರ ಮಿತಿ ಹಾಕಿತು. ಕೇರಳದ ಅಗಸ್ತ್ಯಾರ್‌ಕೂಡಂ ಬೆಟ್ಟಕ್ಕೆ ಚಾರಣದ ಕಾಲ ಜನವರಿಯಿಂದ ಮಾರ್ಚ್‌ವರೆಗೆ, ಪಾಸ್ ಇದ್ದವರಿಗೆ ಮಾತ್ರ. ಯಾವ ಕಾಲದಲ್ಲಿ ತೆರೆಯಬೇಕು ಎಂದು ಯೋಚಿಸಿ ಇಟ್ಟ ವ್ಯವಸ್ಥೆ ಅದು.

300 ಎಂಬ ಸಂಖ್ಯೆ ಸಾಲದು

ನಮ್ಮ ರಾಜ್ಯದಲ್ಲಿ ಏನೂ ಆಗಿಲ್ಲ ಎನ್ನಲಾರೆ. 2024ರ ಗಣರಾಜ್ಯೋತ್ಸವದ ರಜೆಯಲ್ಲಿ ಕುಮಾರ ಪರ್ವತದ ಹಾದಿಯಲ್ಲಿ ಜಾತ್ರೆಯಂತೆ ಸಾಲುಗಟ್ಟಿ ನಿಂತ ಜನರ ವಿಡಿಯೊ ನೀವೂ ನೋಡಿರುತ್ತೀರಿ. ಅದಾದ ಮೇಲೆ ಅರಣ್ಯ ಇಲಾಖೆ ಆನ್‌ಲೈನ್ ಬುಕಿಂಗ್ ಇಲ್ಲದ ಹಾದಿಗಳಲ್ಲಿ ಚಾರಣ ನಿಲ್ಲಿಸಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ ‘ಅರಣ್ಯ ವಿಹಾರ’ ಜಾಲತಾಣ ಬಂತು. ಒಂದು ಹಾದಿಗೆ ದಿನಕ್ಕೆ ಗರಿಷ್ಠ 300 ಜನ ಎಂದು ಮಿತಿ ಬಂತು. ಇದು ಒಳ್ಳೆಯ ಹೆಜ್ಜೆ. ಸಾವಿರಾರು ಜನ ಒಟ್ಟಿಗೆ ನುಗ್ಗುವುದು ತಪ್ಪಿತು.

ಆದರೆ ಎಂಜಿನಿಯರಿಂಗ್ ವಿದ್ಯಾರ್ಥಿಯಾಗಿ ನನ್ನ ಪ್ರಶ್ನೆ ಇದು. ಜನವರಿಯ ಗಟ್ಟಿ ನೆಲದ ಮೇಲೆ ನಡೆಯುವ 300 ಜನರೂ ಜುಲೈಯ ಕೆಸರಿನ ಮೇಲೆ ನಡೆಯುವ 300 ಜನರೂ ಒಂದೇನಾ? ಸೇತುವೆಯ ಭಾರದ ಮಿತಿಯನ್ನು ಸೇತುವೆಯ ಸ್ಥಿತಿ ನೋಡಿ ಹೇಳುತ್ತೇವೆ, ಕ್ಯಾಲೆಂಡರ್ ಉದ್ದಕ್ಕೂ ಒಂದೇ ಸಂಖ್ಯೆ ಎಂದರೆ ಯಾರೂ ಒಪ್ಪುವುದಿಲ್ಲ. ಹಾದಿಗೂ ಅಷ್ಟೇ. ಬೇಸಿಗೆಯಲ್ಲಿ ಕಾಡ್ಗಿಚ್ಚಿನ ಭಯದಿಂದ ಹಾದಿಗಳನ್ನು ಮುಚ್ಚುವುದನ್ನು ನಾವೆಲ್ಲ ಒಪ್ಪಿಕೊಂಡಿದ್ದೇವೆ. ಬೆಂಕಿ ಕಣ್ಣಿಗೆ ಕಾಣುತ್ತದೆ. ಮಣ್ಣು ಕೊಚ್ಚಿಹೋಗುವುದು ಕಾಣುವುದಿಲ್ಲ, ಮೋಡದ ಮರೆಯಲ್ಲಿ ನಡೆಯುತ್ತದೆ.

ಮಳೆಗಾಲದಲ್ಲೂ ಹಾದಿ ಮುಚ್ಚುವುದುಂಟು. ಮಳೆ ವಿಪರೀತವಾದಾಗ ಆದೇಶ ಬರುತ್ತದೆ. ಆದರೆ ಆ ಆದೇಶ ಬರುವುದು ಮನುಷ್ಯರ ಸುರಕ್ಷತೆಗೆ, ಅದೂ ಬಹುತೇಕ ಹಿಂದಿನ ದಿನ. ಹೀಗೆ ತಟ್ಟನೆ ಮುಚ್ಚುವುದರಿಂದ ಏನಾಗುತ್ತದೆ ಎನ್ನುವುದಕ್ಕೆ ಕಳೆದ ಜುಲೈಯ ಒಂದು ಘಟನೆ ಹೇಳುತ್ತೇನೆ. ನಮ್ಮ ತರಗತಿಯ ಎಂಟು ಜನ ಆಯೋಜಕನೊಬ್ಬನಿಗೆ ಹಣ ಕಟ್ಟಿ ರಾತ್ರಿಯಿಡೀ ಪ್ರಯಾಣ ಮಾಡಿ ಹೋದರು. ಬೆಳಿಗ್ಗೆ ಗೇಟ್ ಮುಚ್ಚಿತ್ತು. ಹಣ ವಾಪಸ್ ಕೇಳಿದಾಗ ಆಯೋಜಕ, ‘ಬೇಜಾರು ಮಾಡ್ಕೊಬೇಡಿ ಬ್ರೋ, ಇನ್ನೊಂದು ಕಡೆ ಕರ್ಕೊಂಡು ಹೋಗ್ತೀನಿ’ ಎಂದು ಪಕ್ಕದ ಇನ್ನೊಂದು ಗುಡ್ಡಕ್ಕೆ ನುಗ್ಗಿಸಿದ. ಅಲ್ಲಿ ಗೇಟೂ ಇಲ್ಲ, ಗೈಡೂ ಇಲ್ಲ, ಹಾದಿಯೂ ಇಲ್ಲ. ಹುಲ್ಲಿನ ಮೇಲೆ ಹೊಸ ಹಾದಿ ಬಿತ್ತು. ಒಬ್ಬಳು ಜಾರಿ ಕಾಲು ಉಳುಕಿಸಿಕೊಂಡಳು. ಒಂದು ಹಾದಿ ಉಳಿಸಲು ಹೋಗಿ ಎರಡನೆಯದನ್ನು ಕೆಡಿಸಿದಂತಾಯಿತು. ಮೊದಲೇ ದಿನಾಂಕ ಗೊತ್ತಿದ್ದರೆ ಆ ಎಂಟು ಜನ ಹಣ ಕಟ್ಟುತ್ತಲೇ ಇರಲಿಲ್ಲ.

ಹಾಗಾಗಿ ನಾಲ್ಕು ಸಲಹೆ ಮುಂದಿಡುತ್ತೇನೆ.

ಒಂದು, ವರ್ಷದ ಆರಂಭದಲ್ಲೇ ವಿಶ್ರಾಂತಿಯ ವಾರಗಳನ್ನು ಘೋಷಿಸಲಿ. ಮಳೆ ನಕ್ಷತ್ರದ ಲೆಕ್ಕ ನಮ್ಮ ಹಿರಿಯರ ಬಾಯಲ್ಲೇ ಇದೆ. ಪುನರ್ವಸು, ಪುಷ್ಯ ಎರಡೂ ಸೇರಿದರೆ ಹೆಚ್ಚುಕಡಿಮೆ ನಾಲ್ಕು ವಾರ, ಜುಲೈ ಮೊದಲ ವಾರದಿಂದ ಆಗಸ್ಟ್ ಆರಂಭದ ತನಕ. ಘಟ್ಟದಲ್ಲಿ ಅತಿ ಹೆಚ್ಚು ಮಳೆ ಸುರಿಯುವ ಕಾಲ ಅದು. ವರ್ಷದ 52 ವಾರಗಳಲ್ಲಿ ನಾಲ್ಕು ವಾರ ಬಿಟ್ಟುಕೊಡುವುದು ದೊಡ್ಡ ತ್ಯಾಗ ಅಲ್ಲ.

ಎರಡು, ಉಳಿದ ಮಳೆಗಾಲದಲ್ಲಿ ಜನರ ಮಿತಿ ಮಳೆಯ ಜೊತೆ ಬದಲಾಗಲಿ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳು ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಇವೆ. ಹಾದಿಯ ಬುಡದ ಪಂಚಾಯಿತಿಯಲ್ಲಿ ಕಳೆದ ಮೂರು ದಿನ ಎಷ್ಟು ಮಳೆ ಬಿದ್ದಿದೆ ಎನ್ನುವುದನ್ನು ಬುಕಿಂಗ್ ಜಾಲತಾಣಕ್ಕೆ ಜೋಡಿಸುವುದು ಒಂದು ಸಣ್ಣ ಪ್ರೋಗ್ರಾಂ. ಕಂಪ್ಯೂಟರ್ ಸೈನ್ಸ್‌ನ ನನ್ನ ಗೆಳೆಯರು ಇದನ್ನು ಮಿನಿ ಪ್ರಾಜೆಕ್ಟ್ ಆಗಿ ಮಾಡಬಲ್ಲರು. ಮಳೆ ಒಂದು ಮಟ್ಟ ದಾಟಿದರೆ 300 ಇದ್ದದ್ದು 100 ಆಗಲಿ, ಇನ್ನೂ ಹೆಚ್ಚಾದರೆ ಸೊನ್ನೆಯಾಗಲಿ. ಬುಕ್ ಮಾಡಿದವರಿಗೆ ಹಣ ವಾಪಸ್ ಅಥವಾ ಬೇರೆ ದಿನ ತಾನಾಗಿಯೇ ಸಿಗಲಿ. ಹಣ ಮುಳುಗುತ್ತದೆ ಎಂಬ ಭಯ ಇರುವವರೆಗೆ ಯಾರೂ ಸ್ವಂತ ಇಚ್ಛೆಯಿಂದ ಹಿಂದೆ ಸರಿಯುವುದಿಲ್ಲ.

ಮೂರು, ಟಿಕೆಟ್ ಹಣದ ಒಂದು ಪಾಲು ಆಯಾ ಹಾದಿಯ ದುರಸ್ತಿಗೇ ಹೋಗಲಿ. ಹಾದಿ ದುರಸ್ತಿ ಎಂದರೆ ಕಾಂಕ್ರೀಟ್ ಅಲ್ಲ, ನೀರಿಗೆ ದಾರಿ ಮಾಡುವುದು. ನಮ್ಮೂರು ಕೊಪ್ಪ ತಾಲ್ಲೂಕಿನ ಒಂದು ಹಳ್ಳಿ. ಪ್ರತಿವರ್ಷ ಮಳೆ ಹಿಡಿಯುವ ಮುಂಚೆ ಅಡಿಕೆ ತೋಟದ ಬಸಿಗಾಲುವೆ ಬಿಡಿಸುವುದು ನಮ್ಮ ಅಜ್ಜಯ್ಯನಿಗೆ ಪೂಜೆಯಷ್ಟೇ ನೇಮ. ‘ನೀರಿಗೆ ನಾವು ದಾರಿ ಮಾಡ್ಕೊಡದಿದ್ರೆ ಅದೇ ದಾರಿ ಮಾಡ್ಕಳತ್ತೆ ಮಾರಾಯ’ ಎನ್ನುತ್ತಾರೆ. ಅವರು ಟೆರ್ಜಾಗಿ ಓದಿಲ್ಲ. ಹಾದಿಯಲ್ಲಿ ಅಲ್ಲಲ್ಲಿ ಓರೆಯಾಗಿ ಕಲ್ಲು ಅಥವಾ ದಿಮ್ಮಿ ಹುಗಿದು ನೀರನ್ನು ಪಕ್ಕಕ್ಕೆ ತಿರುಗಿಸುವುದು, ಹಾದಿಯನ್ನು ಇಳಿಜಾರಿನ ಕಡೆಗೆ ಸ್ವಲ್ಪ ವಾಲಿಸುವುದು, ಒಳದಾರಿಗಳಿಗೆ ಮುಳ್ಳು ಅಡ್ಡ ಇಡುವುದು, ಕಡಿದಾದ ಜಾಗದಲ್ಲಿ ಕಲ್ಲು ಜೋಡಿಸುವುದು, ಇಷ್ಟು ಸಾಕು. ಮೈಸೂರಿನ ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ನೋಡಿ. ಶತಮಾನಗಳಿಂದ ಲಕ್ಷಾಂತರ ಕಾಲುಗಳು ತುಳಿದರೂ ಅವು ನಿಂತಿವೆ. ಜನ ಹೆಚ್ಚು ಹೋಗುವ ಕಡೆ ಕಲ್ಲು ಹಾಕಬೇಕು ಎಂಬ ಬುದ್ಧಿ ನಮ್ಮವರಿಗೆ ಮೊದಲೇ ಇತ್ತು.

ನಾಲ್ಕು, ಮುಚ್ಚಿದ ವಾರಗಳಲ್ಲಿ ಸ್ಥಳೀಯರ ದುಡಿಮೆ ನಿಲ್ಲಬಾರದು. ಈ ಮಾತನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ಹೊಟ್ಟೆಪಾಡಿನ ಪ್ರಶ್ನೆ

ಹಾದಿ ಮುಚ್ಚಿ ಎಂದು ಊರಲ್ಲಿ ಕೂತು ಬರೆಯುವುದು ಸುಲಭ. ಬೆಟ್ಟದ ಬುಡದ ಜೀಪ್ ಚಾಲಕ, ಹೋಂಸ್ಟೇ ನಡೆಸುವ ಮನೆಯವರು, ದಿನಗೂಲಿಗೆ ಗೈಡ್ ಆಗುವ ಪಿಯುಸಿ ಮುಗಿಸಿದ ಹುಡುಗ, ಇವರಿಗೆ ಮಳೆಗಾಲದ ಶನಿವಾರ ಭಾನುವಾರಗಳೇ ಸುಗ್ಗಿ. ನಾಲ್ಕು ವಾರ ಅಂದರೆ ಎಂಟು ದಿನದ ಒಳ್ಳೆಯ ಸಂಪಾದನೆ ಹೋದಂತೆ. ಜೀಪಿನ ಸಾಲದ ಕಂತು ಮಳೆ ಬಂತೆಂದು ಮುಂದಕ್ಕೆ ಹೋಗುವುದಿಲ್ಲ. ಇದಕ್ಕೆ ಉತ್ತರ ಕೊಡದೆ ಪರಿಸರದ ಮಾತಾಡಿದರೆ ಅದು ಪಟ್ಟಣದವರ ಷೋಕಿಯಾಗುತ್ತದೆ.

ನನ್ನ ಉತ್ತರ ಹೀಗಿದೆ. ಬಸಿಗಾಲುವೆ ಬಿಡಿಸುವ ಕೆಲಸ ಮಳೆಗೆ ಮುಂಚಿನ ಮೇ ತಿಂಗಳಲ್ಲಿ ಇದೆ. ಮಳೆ ತಗ್ಗಿದ ಮೇಲೆ ಹಾದಿ ಸರಿಪಡಿಸುವ ಕೆಲಸ ಸೆಪ್ಟೆಂಬರ್‌ನಲ್ಲಿ ಇದೆ. ಮುಚ್ಚಿದ ದಿನಗಳಲ್ಲಿ ಯಾರೂ ಕದ್ದು ಹೋಗದಂತೆ ಕಾಯುವ ಕೆಲಸ ಇದೆ. ಈ ಮೂರನ್ನೂ ಅದೇ ಊರಿನ ಯುವಕ ಯುವತಿಯರಿಗೆ ಕೂಲಿ ಕೊಟ್ಟು ಮಾಡಿಸಲಿ. ಹೋಂಸ್ಟೇಗಳು ಮುಚ್ಚಬೇಕಾಗಿಲ್ಲ. ಮಳೆ ನೋಡಲು, ಕಡುಬು ತಿನ್ನಲು, ಕೊಟ್ಟಿಗೆಯ ಪಕ್ಕ ಕೂತು ಹರಟೆ ಹೊಡೆಯಲು ಬರುವವರಿಗೆ ಬೆಟ್ಟದ ತುದಿ ಬೇಕಾಗಿಲ್ಲ. ಇನ್ನೊಂದು ಮಾತು, ಹಾದಿ ಕೊರಕಲಾಗಿ ಶಾಶ್ವತವಾಗಿ ಮುಚ್ಚಿದರೆ ಹೋಗುವುದು ನಾಲ್ಕು ವಾರದ ಸಂಪಾದನೆ ಅಲ್ಲ, ಅಷ್ಟೂ ಸಂಪಾದನೆ. ನಷ್ಟದ ಲೆಕ್ಕ ಹಾಕುವಾಗ ಇದನ್ನೂ ಸೇರಿಸಬೇಕು.

ಇನ್ನೊಂದು ವಾದವನ್ನು ಹಾಸ್ಟೆಲ್‌ನಲ್ಲಿ ಗೆಳೆಯರು ಮುಂದಿಡುತ್ತಾರೆ. ‘ಗಣಿ, ರೆಸಾರ್ಟ್, ರಸ್ತೆ ಅಗಲೀಕರಣ ಇಷ್ಟೆಲ್ಲ ನಡೆದಿರುವಾಗ ನಮ್ಮ ನಾಲ್ಕು ಹೆಜ್ಜೆಯಿಂದ ಏನು ಮಹಾ?’ ಸುಳ್ಳಲ್ಲ. ಕುದುರೆಮುಖದಲ್ಲಿ ದಶಕಗಳ ಕಾಲ ಕಬ್ಬಿಣದ ಅದಿರು ತೆಗೆದದ್ದಕ್ಕೆ ಹೋಲಿಸಿದರೆ ನಮ್ಮ ಶೂಗಳು ಲೆಕ್ಕಕ್ಕೇ ಇಲ್ಲ. ಆದರೆ ಆ ಗಣಿ 2005ರ ಕೊನೆಗೆ ನಿಂತದ್ದು ಯಾಕೆ? ಈ ಬೆಟ್ಟ ಅದಿರಿಗಿಂತ ದೊಡ್ಡದು ಎಂದು ಜನ ವಾದಿಸಿ ಸುಪ್ರೀಂ ಕೋರ್ಟ್‌ವರೆಗೆ ಹೋದದ್ದರಿಂದ. ಹಾಗೆ ಉಳಿಸಿಕೊಂಡ ಬೆಟ್ಟವನ್ನು ರೀಲ್ಸ್‌ಗಾಗಿ ಸವೆಸುವುದು ನ್ಯಾಯವೇ? 2012ರಲ್ಲಿ ಯುನೆಸ್ಕೊ ಪಶ್ಚಿಮ ಘಟ್ಟದ 39 ತಾಣಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಅದರಲ್ಲಿ ಕುದುರೆಮುಖ, ಪುಷ್ಪಗಿರಿ ಎರಡೂ ಇವೆ. ದೊಡ್ಡ ಹಾನಿಯನ್ನು ಪ್ರಶ್ನಿಸುವ ಹಕ್ಕು ಬೇಕೆಂದರೆ ನಮ್ಮ ಸಣ್ಣ ಹಾನಿಯನ್ನು ಮೊದಲು ನಿಲ್ಲಿಸಬೇಕು.

‘ದನ ಕರು ಓಡಾಡುವುದಿಲ್ಲವೇ, ಆನೆ ನಡೆಯುವುದಿಲ್ಲವೇ?’ ಎಂದೂ ಕೇಳುತ್ತಾರೆ. ನಡೆಯುತ್ತವೆ. ಆದರೆ ಅವು ಶನಿವಾರ ಬೆಳಿಗ್ಗೆ ಏಳಕ್ಕೆ ಒಂದೇ ಗೇಟಿನಿಂದ ಸಾಲಾಗಿ ಹೊರಟು ಒಂದೇ ತುದಿಗೆ ಹೋಗಿ ಅದೇ ಹಾದಿಯಲ್ಲಿ ಇಳಿಯುವುದಿಲ್ಲ.

ನಮ್ಮ ಕೈಯಲ್ಲಿ, ಅಲ್ಲ, ಕಾಲಲ್ಲಿ ಇರುವುದು

ಸರ್ಕಾರ ಮಾಡಬೇಕಾದ್ದು ಆಗುವವರೆಗೆ ನಾವು ಕಾಯಬೇಕಾಗಿಲ್ಲ. ಮಳೆಯಲ್ಲಿ ತೆರೆದಿರುವ ಹಾದಿಗೆ ಹೋಗುವವರು ಕೆಲವು ರೂಢಿಗಳನ್ನು ಇಟ್ಟುಕೊಳ್ಳಬಹುದು.

ಕೆಸರು ಕಂಡರೆ ಅದರ ನಡುವೆಯೇ, ಒಬ್ಬರ ಹಿಂದೆ ಒಬ್ಬರು ನಡೆಯೋಣ. ಶೂ ತೊಳೆದರೆ ಹೋಗುತ್ತದೆ, ಹುಲ್ಲು ತೊಳೆದರೆ ಬರುವುದಿಲ್ಲ. ಒಳದಾರಿ ಕಂಡರೆ ಅದು ದಾರಿಯಲ್ಲ, ಗಾಯ ಎಂದು ತಿಳಿಯೋಣ. ಇಳಿಯುವಾಗ ಜಾರುಬಂಡೆ ಆಡುವುದು ಬೇಡ. ನಲವತ್ತು ಜನರ ಗುಂಪಿಗಿಂತ ಹತ್ತು ಜನರ ಗುಂಪು ಒಳ್ಳೆಯದು, ಎದುರು ಬರುವವರಿಗೆ ದಾರಿ ಬಿಡಲು ಹಾದಿ ಬಿಟ್ಟು ಇಳಿಯಬೇಕಾಗುವುದಿಲ್ಲ. ದಾರಿ ಬಿಡಲೇಬೇಕಾದರೆ ಕಲ್ಲಿನ ಮೇಲೆ ನಿಲ್ಲೋಣ. ಹರಿದ ಪ್ಲಾಸ್ಟಿಕ್ ರೇನ್‌ಕೋಟ್ ಪೊದೆಗೆ ಸಿಕ್ಕಿಸಿ ಬರುವುದು ಬೇಡ. ಇಂಬಳಕ್ಕೆ ಹೆದರಿ ನೆಲಕ್ಕೆಲ್ಲ ಉಪ್ಪು ಚೆಲ್ಲದೆ ಉದ್ದನೆಯ ಕಾಲುಚೀಲ ಹಾಕಿಕೊಂಡರೆ ಸಾಕು. ಮೂರು ದಿನ ಬಿಡದೆ ಮಳೆ ಸುರಿದಿದ್ದರೆ, ಗೇಟ್ ತೆರೆದಿದ್ದರೂ ಬೇಡ ಎನ್ನುವ ಧೈರ್ಯ ಗುಂಪಿನಲ್ಲಿ ಒಬ್ಬರಿಗಾದರೂ ಇರಲಿ. ಆಯೋಜಕರಿಗೆ ಹಣ ಕಟ್ಟುವ ಮುಂಚೆ ಎರಡು ಪ್ರಶ್ನೆ ಕೇಳೋಣ: ಅರಣ್ಯ ಇಲಾಖೆಯ ಪಾಸ್ ಇದೆಯೇ? ಹಾದಿ ಮುಚ್ಚಿದರೆ ಹಣ ವಾಪಸ್ ಕೊಡುತ್ತೀರಾ? ಉತ್ತರ ತಡವರಿಸಿದರೆ ಆ ದುಡ್ಡಿನಲ್ಲಿ ಬೇರೆ ಕಡೆ ಹೋಗೋಣ. ಜುಲೈಯಲ್ಲಿ ಮಳೆ ಕಡಿಮೆ ಇರುವ ಬಯಲುಸೀಮೆಯಲ್ಲಿ ಚಿತ್ರದುರ್ಗದ ಕೋಟೆ ಇದೆ. ಸುತ್ತಲು ಒಂದು ಇಡೀ ದಿನ ಸಾಲದು.

ಎಂಜಿನಿಯರಿಂಗ್ ಗೆಳೆಯರಿಗೆ ಇನ್ನೂ ಒಂದು ಮಾತು. ನಮ್ಮ ಹಾದಿಗಳು ವರ್ಷಕ್ಕೆ ಎಷ್ಟು ಸವೆಯುತ್ತವೆ ಎಂದು ಅಳೆಯಲು ದುಬಾರಿ ಉಪಕರಣ ಬೇಡ. ಹಾದಿಯ ಎರಡೂ ಬದಿ ಗೂಟ ನೆಟ್ಟು, ಹಗ್ಗ ಬಿಗಿದು, ಹತ್ತು ಸೆಂಟಿಮೀಟರ್‌ಗೆ ಒಮ್ಮೆ ಹಗ್ಗದಿಂದ ನೆಲದವರೆಗಿನ ಆಳ ಅಳೆದರೆ ಆಯಿತು. ಮಳೆಗೆ ಮುಂಚೆ ಒಮ್ಮೆ, ಮಳೆ ಮುಗಿದ ಮೇಲೆ ಅದೇ ಗೂಟಗಳಲ್ಲಿ ಇನ್ನೊಮ್ಮೆ. ಎರಡರ ವ್ಯತ್ಯಾಸವೇ ಕಳೆದುಹೋದ ಮಣ್ಣು. ಇಲಾಖೆಯ ಅನುಮತಿ ಪಡೆದು ಹತ್ತು ಕಾಲೇಜುಗಳ ಅಂತಿಮ ವರ್ಷದ ತಂಡಗಳು ಹತ್ತು ಹಾದಿಗಳಲ್ಲಿ ಇದನ್ನು ಮಾಡಿದರೆ, 300 ಸರಿಯೋ 100 ಸರಿಯೋ ಎಂಬ ಚರ್ಚೆಗೆ ಊಹೆಯ ಬದಲು ಅಂಕಿ ಸಿಗುತ್ತದೆ. ನೆಟ್‌ನಿಂದ ಇಳಿಸಿಕೊಂಡ ಪ್ರಾಜೆಕ್ಟ್ ರಿಪೋರ್ಟ್‌ಗಿಂತ ಸಂದರ್ಶನದಲ್ಲಿ ಹೇಳಿಕೊಳ್ಳಲೂ ಇದು ಚೆನ್ನ.

ನಮ್ಮ ತಲೆಮಾರು ಬೆಟ್ಟಗಳನ್ನು ಪ್ರೀತಿಸುತ್ತದೆ ಎನ್ನುವುದರಲ್ಲಿ ನನಗೆ ಅನುಮಾನ ಇಲ್ಲ. ಕೆಲಸದ ಹುಡುಕಾಟ, ಬ್ಯಾಕ್‌ಲಾಗ್, ಮನೆಯ ಚಿಂತೆ ಎಲ್ಲವನ್ನೂ ಎರಡು ದಿನ ಮರೆಯಲು ನಾವು ಅಲ್ಲಿಗೆ ಹೋಗುತ್ತೇವೆ. ಖರ್ಚಿಲ್ಲದೆ ಸಿಗುವ ಇಂಥ ಸುಖ ನಮಗೆ ಬೇರೆ ಎಷ್ಟಿದೆ? ಅದು ನಮ್ಮ ಹಿಂದೆ ಬರುವ ಜೂನಿಯರ್‌ಗಳಿಗೂ ಸಿಗಬೇಕಲ್ಲ. ಮುಂದಿನ ಜುಲೈಯಲ್ಲಿ ನಿಮ್ಮ ಗ್ರೂಪ್‌ಗೆ ಆ ಹಸಿರು ಪೋಸ್ಟರ್ ಬಂದಾಗ ಹೂಂ ಎನ್ನುವ ಮುಂಚೆ, ‘ಸೆಪ್ಟೆಂಬರ್‌ಗೆ ಹಾಕೋಣ’ ಎಂದು ಒಂದು ಸಾಲು ಬರೆಯಿರಿ. ಆಗಲೂ ಹಸಿರು ಇರುತ್ತದೆ, ಮಂಜೂ ಇರುತ್ತದೆ. ಕಾಲ ಕೆಳಗಿನ ಹಾದಿಯೂ ಉಳಿದಿರುತ್ತದೆ.